ಚಕ್ರ ಮಾರುವವರು ಬಿಲ್ಲಿನಲ್ಲಿ ಆಫ್‌ಸೆಟ್ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಾಫಿ ತೋಟಗಳಿಗೆ ಬಂದಿರುವ, ಎಂಥ ನೆಲದ ಮೇಲೂ ಓಡುವ ಎಟಿವಿ ಗಾಡಿಗಳ ಬಗ್ಗೆ ಅರ್ಧ ಪುಟದ ಬರಹ ಇತ್ತು. ಆಳು ಸಿಗದ ಈ ಕಾಲದಲ್ಲಿ ಗೊಬ್ಬರದ ಮೂಟೆ, ಔಷಧಿ ಕ್ಯಾನು, ಕೊಯ್ದ ಹಣ್ಣು ಸಾಗಿಸಲು ಈ ನಾಲ್ಕು ಚಕ್ರದ ಗಾಡಿ ಎಷ್ಟು ಅನುಕೂಲ ಎಂಬುದನ್ನು ಬರೆದವರು ಚೆನ್ನಾಗಿ ಹೇಳಿದ್ದಾರೆ. ಅದರಲ್ಲಿ ಒಂದಕ್ಷರಕ್ಕೂ ನನ್ನ ತಕರಾರಿಲ್ಲ. ನಾನು ಬರೆಯಲು ಕೂತದ್ದು ಜೊತೆಗಿದ್ದ ಫೋಟೊ ನೋಡಿ. ಆ ಗಾಡಿಯ ಮುಂದಿನ ಎರಡೂ ಚಕ್ರಗಳು ಮಡ್‌ಗಾರ್ಡ್ ದಾಟಿ ಮೂರು ನಾಲ್ಕು ಬೆರಳು ಆಚೆ ನಿಂತಿದ್ದವು. ಕೆಳಗೆ, ಅಗಲ ಚಕ್ರ ಹಾಕಿಸಿದರೆ ಇಳಿಜಾರಿನಲ್ಲಿ ಗಾಡಿ ಮಗುಚುವ ಭಯವಿಲ್ಲ ಎಂಬ ಅಡಿಬರಹ.

ಅಂಥದೇ ಚಕ್ರ ಹಾಕಿಸಿದ್ದ ನಮ್ಮ ಗಾಡಿಯಿಂದ ಬಿದ್ದು ಈ ಜನವರಿಯಲ್ಲಿ ನಮ್ಮ ಮೇಸ್ತ್ರಿಯ ಬಲಗೈ ಮೂಳೆ ಮುರಿಯಿತು. ಚಕ್ರವನ್ನು ಬಿಗಿಯುವ ನಡುಭಾಗಕ್ಕೆ ಹಬ್ ಎನ್ನುತ್ತಾರೆ. ಆ ಹಬ್ಬಿನ ಮುಖದಿಂದ ರಿಮ್ ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಎಂಬ ಅಳತೆಯೇ ಆಫ್‌ಸೆಟ್. ಅದನ್ನು ನೋಡದೆ ಹಾಕಿದ ಚಕ್ರ ಅದು.

ಅರೇಹಳ್ಳಿ ಹತ್ತಿರ ನಮ್ಮದು ಹದಿನಾಲ್ಕು ಎಕರೆ. ತಗ್ಗಿನಲ್ಲಿ ರೊಬಸ್ಟಾ, ಮೇಲಿನ ದಿಣ್ಣೆಯಲ್ಲಿ ಅರೇಬಿಕಾ. ಯಜಮಾನರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಎಟಿವಿ ಕೊಂಡದ್ದು ಸೆಕೆಂಡ್ ಹ್ಯಾಂಡ್. ಎರಡು ಮಳೆಗಾಲ ಚೆನ್ನಾಗಿ ದುಡಿಯಿತು. ಮುಂದಿನ ಕಬ್ಬಿಣದ ರಿಮ್‌ಗಳ ಅಂಚು ಕಲ್ಲಿಗೆ ಬಡಿದು ನೆಗ್ಗಿ, ಬೆಳಗ್ಗೆ ತುಂಬಿದ ಗಾಳಿ ಸಂಜೆಗೆ ಇಳಿಯುತ್ತಿತ್ತು. ಹೊಸ ರಿಮ್ ಹಾಕಿಸಲೇಬೇಕಿತ್ತು. ಅಣ್ಣನ ಮಗ ಗಾಡಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ದೊಡ್ಡ ಊರಿನ ಒಂದು ಅಂಗಡಿಗೆ ಹೋದ. ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಇಂಚು, ಎಷ್ಟು ತೂತು. ಹನ್ನೆರಡು ಇಂಚು, ನಾಲ್ಕು ತೂತು. ಕಪ್ಪು ಬಣ್ಣದ, ಅಂಚಿಗೆ ಕೆಂಪು ಗೆರೆ ಇರುವ ಅಲಾಯ್ ರಿಮ್ ತಂದಿಟ್ಟರು. ಬೋಲ್ಟು ಸರಿಯಾಗಿ ಕೂತವು. ‘ಅತ್ತೆ, ಇನ್ನು ಗಾಡಿ ಅಲ್ಲಾಡಲ್ಲ, ನೆಲಾನ ಕಚ್ಕೊಂಡು ನಿಲ್ಲುತ್ತೆ’ ಎಂದು ಅವನು ಖುಷಿಯಿಂದ ಫೋನು ಮಾಡಿದ. ಮನಸಾರೆ ಒಳ್ಳೆಯದು ಮಾಡಲು ಹೋದ ಹುಡುಗ ಅವನು, ಅವನನ್ನು ನಾನು ಇವತ್ತಿಗೂ ಬೈದಿಲ್ಲ.

ಮೊದಲ ವಾರದಲ್ಲೇ ಮೇಸ್ತ್ರಿ ಹೇಳಿದರು: ‘ಅಮ್ಮಾ, ಹ್ಯಾಂಡಲ್ ಭಾರ ಆಗಿದೆ. ಸಾಯಂಕಾಲಕ್ಕೆ ರಟ್ಟೆ ಬಿದ್ದೋಗ್ತದೆ.’ ಹೊಸ ಚಕ್ರ, ಪಳಗಬೇಕು ಎಂದುಕೊಂಡೆ. ಆಮೇಲೆ ಕೆಸರು ನೇರ ಮುಖಕ್ಕೆ ಹಾರುತ್ತದೆ ಎಂದರು. ಚಕ್ರ ಮಡ್‌ಗಾರ್ಡಿನ ಹೊರಗಿದ್ದರೆ ಇನ್ನೇನಾದೀತು, ಆಗ ಅದೂ ಹೊಳೆಯಲಿಲ್ಲ. ಒಂದು ಸಲ ಎಡಚಕ್ರ ಕಲ್ಲಿಗೆ ತಗುಲಿ ಹ್ಯಾಂಡಲ್ ಎಷ್ಟು ಜೋರಾಗಿ ತಿರುಗಿತೆಂದರೆ ಅವರ ಹೆಬ್ಬೆರಳು ಉಳುಕಿ ಎರಡು ದಿನ ಕೊಯ್ಲಿಗೆ ಬರಲಿಲ್ಲ. ಡಿಸೆಂಬರಿನಲ್ಲಿ ಮುಂದಿನ ಎಡಗಡೆ ಗರಗರ ಶಬ್ದ ಶುರುವಾಯಿತು. ಕೊಯ್ಲಿನ ಗಡಿಬಿಡಿ. ಕಣದಲ್ಲಿ ಅರೇಬಿಕಾ ಒಣಗುತ್ತಿದೆ, ರೊಬಸ್ಟಾ ಹಣ್ಣಾಗಿ ನಿಂತಿದೆ, ಆಳುಗಳನ್ನು ಪಕ್ಕದ ತೋಟದವರು ಕರೆಯುತ್ತಿದ್ದಾರೆ. ಗಾಡಿ ನಿಲ್ಲಿಸಲಿಲ್ಲ. ಆ ಶಬ್ದ ಕೇಳಿಯೂ ಗಾಡಿ ನಿಲ್ಲಿಸದೆ ಹೋದದ್ದು ನನ್ನ ತಪ್ಪು, ಅದನ್ನು ಮೇಸ್ತ್ರಿಯ ಹೆಂಡತಿಯ ಎದುರಿಗೇ ಒಪ್ಪಿಕೊಂಡಿದ್ದೇನೆ.

ಕೆಳಗಿನ ಹಳ್ಳದಿಂದ ಒಂದು ಮೂಟೆ ಹಣ್ಣು ಹೇರಿಕೊಂಡು ಚಡಾವು ಹತ್ತುವಾಗ ಧರೆಯ (ಗುಡ್ಡ ಕಡಿದ ದಿಬ್ಬದ) ತಿರುವಿನಲ್ಲಿ ಎಡಚಕ್ರ ಕಳಚಿ ಬಿತ್ತು. ಗಾಡಿ ಎಡಕ್ಕೆ ಕುಸಿಯಿತು, ಮೇಸ್ತ್ರಿ ಬಲಕ್ಕೆ ಹಾರಿದರು, ಕೈ ಊರಿದ ಜಾಗದಲ್ಲಿ ಬಂಡೆ ಇತ್ತು. ಗಾಡಿ ಅವರ ಮೇಲೆ ಬೀಳಲಿಲ್ಲ, ಅಷ್ಟು ಮಾತ್ರ ನಮ್ಮ ಪುಣ್ಯ.

ಸಕಲೇಶಪುರದಲ್ಲಿ ಜೀಪು ರಿಪೇರಿ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಯಜಮಾನರ ಕಾಲದಿಂದ ಪರಿಚಯ. ಅವರೇ ತೋಟಕ್ಕೆ ಬಂದರು. ಬಿದ್ದ ಚಕ್ರವನ್ನು ಕೈಯಲ್ಲಿ ಹಿಡಿದು ಬೋಲ್ಟಿನ ತೂತುಗಳನ್ನು ನನಗೆ ತೋರಿಸಿದರು. ನಾಲ್ಕರಲ್ಲಿ ಮೂರು ತೂತು ದುಂಡಗೆ ಉಳಿದಿರಲಿಲ್ಲ, ಕೋಳಿಮೊಟ್ಟೆಯ ಹಾಗೆ ಉದ್ದವಾಗಿದ್ದವು. ಒಳಗೋಡೆ ಸವೆದು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಹಬ್ಬಿನಲ್ಲಿ ಎರಡು ಸ್ಟಡ್ (ನಟ್ ಹಾಕುವ ಬೋಲ್ಟು) ಬುಡದಲ್ಲೇ ತುಂಡಾಗಿದ್ದವು, ಉಳಿದೆರಡರ ಮರೆ (ತಿರುಪಿನ ಗೆರೆ) ಕಿತ್ತುಹೋಗಿತ್ತು. ಹಬ್ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಲಟಲಟ ಎನ್ನುತ್ತಿತ್ತು. ‘ಅಮ್ಮಾ, ರಿಮ್ಮಲ್ಲಿ ದೋಷ ಇಲ್ಲ. ಆದ್ರೆ ಇದು ಈ ಗಾಡಿಗೆ ಅಂತ ಮಾಡಿದ್ದಲ್ಲ. ನಾಲ್ಕು ತೂತು ಕೂತ್ರೆ ಚಕ್ರ ಕೂತಂಗೆ ಅಂದ್ಕೊಂಡ್ಬಿಟ್ಟಿದ್ದಾರೆ’ ಎಂದರು. ಆಮೇಲೆ ಶೆಡ್ಡಿನಲ್ಲಿದ್ದ ಹಳೆಯ ರಿಮ್ ತರಿಸಿ, ಎರಡನ್ನೂ ಕಣದ ಮೇಲೆ ಬೋರಲು ಹಾಕಿ, ಸ್ಟೀಲ್ ಸ್ಕೇಲ್ ಇಟ್ಟು ಅಳೆದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಅವತ್ತು ಕಲಿತದ್ದನ್ನೇ ನಿಮ್ಮ ಓದುಗರ ಮುಂದಿಡುತ್ತಿದ್ದೇನೆ.

ರಿಮ್‌ನ ಹಿಂಬದಿ ಮೇಲಾಗುವಂತೆ ನೆಲಕ್ಕಿಡಬೇಕು. ಅಂಚಿನಿಂದ ಅಂಚಿಗೆ ಒಂದು ನೇರ ಪಟ್ಟಿ ಅಡ್ಡ ಇಡಬೇಕು. ಆ ಪಟ್ಟಿಯಿಂದ ಕೆಳಗೆ, ಹಬ್ಬಿಗೆ ಅಂಟಿಕೊಳ್ಳುವ ಮಟ್ಟಸ ಭಾಗದವರೆಗೆ ಎಷ್ಟು ಇಂಚು ಆಳ ಇದೆಯೋ ನೋಡಿ, ಅಂಚಿನ ತುಟಿಯ ದಪ್ಪಕ್ಕೆ ಸುಮಾರು ಅರ್ಧ ಇಂಚು ಕಳೆದರೆ ಒಳಗಿನ ಅಳತೆ ಸಿಗುತ್ತದೆ. ಮಗುಚಿ ಹಾಕಿ ಮುಂಬದಿಯಿಂದಲೂ ಹಾಗೇ ಅಳೆದರೆ ಹೊರಗಿನ ಅಳತೆ. ಎಟಿವಿ ರಿಮ್‌ನ ಮೇಲೋ ಡಬ್ಬಿಯ ಮೇಲೋ 5+2, 4+3, 2+5 ಎಂದು ಬರೆದಿರುತ್ತದಲ್ಲ, ಅದು ಈ ಲೆಕ್ಕವೇ. ಮೊದಲ ಅಂಕಿ ಒಳಗೆ ಎಷ್ಟು ಇಂಚು, ಎರಡನೆಯದು ಹೊರಗೆ ಎಷ್ಟು ಇಂಚು. ಎರಡನ್ನೂ ಕೂಡಿದರೆ ರಿಮ್‌ನ ಅಗಲ. ಮೂರೂ ಏಳಿಂಚು ಅಗಲದ ರಿಮ್‌ಗಳೇ, ಆದರೆ ಚಕ್ರ ನಿಲ್ಲುವ ಜಾಗ ಮೂರರಲ್ಲೂ ಬೇರೆ.

ನಮ್ಮ ಹಳೆಯ ರಿಮ್ ಆರಿಂಚು ಅಗಲ, 4+2. ಅಂಗಡಿಯವರು ಹಾಕಿದ್ದು ಏಳಿಂಚಿನ 2+5. ಹಳೆಯದರಲ್ಲಿ ಚಕ್ರದ ನಡುಗೆರೆ ಹಬ್ಬಿನ ಮುಖದಿಂದ ಒಂದಿಂಚು ಒಳಗಿತ್ತು. ಹೊಸದರಲ್ಲಿ ಅದು ಒಂದೂವರೆ ಇಂಚು ಹೊರಗೆ ಬಂತು. ಅಂದರೆ ಚಕ್ರ ಒಂದೊಂದು ಕಡೆಗೂ ಎರಡೂವರೆ ಇಂಚು ಆಚೆ ಹೋಯಿತು. ಕಾರಿನ ರಿಮ್‌ನವರು ಇದನ್ನೇ ಮಿಲಿಮೀಟರಿನಲ್ಲಿ ಹೇಳುತ್ತಾರೆ, ನಡುಗೆರೆ ಒಳಗಿದ್ದರೆ ಪ್ಲಸ್, ಹೊರಗಿದ್ದರೆ ಮೈನಸ್. ಸುಮಾರು ಪ್ಲಸ್ 25 ಇದ್ದದ್ದು ಮೈನಸ್ 38 ಆಯಿತು.

ಎರಡೂವರೆ ಇಂಚು ಏನು ಮಹಾ ಎನ್ನಿಸಬಹುದು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಬಾವಿಯಿಂದ ಮನೆಯವರೆಗೆ ನಡೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೊಡವನ್ನು ಸೊಂಟದಿಂದ ಒಂದು ಗೇಣು ಆಚೆ ಹಿಡಿದು ನಡೆಯಿರಿ, ನೀರು ಅಷ್ಟೇ ಇರುತ್ತದೆ, ಹತ್ತು ಹೆಜ್ಜೆಗೆ ಸೊಂಟ ಸೋಲುತ್ತದೆ. ಹಬ್ಬಿನೊಳಗಿನ ಬೇರಿಂಗ್, ಚಕ್ರ ತಿರುಗುವ ಕೀಲಾದ ಬಾಲ್ ಜಾಯಿಂಟ್, ಅದನ್ನು ತಿರುಗಿಸುವ ಸರಳಾದ ಟೈ ರಾಡ್ ಇವೆಲ್ಲ ಆ ಸೊಂಟ ಇದ್ದ ಹಾಗೆ. ಚಕ್ರ ಆಚೆ ಹೋದಷ್ಟೂ ಒಂದೊಂದು ಕಲ್ಲಿನ ಏಟೂ ಉದ್ದದ ಸನ್ನೆಗೋಲಿನಂತೆ ಅವನ್ನು ಮೀಟುತ್ತದೆ. ಹ್ಯಾಂಡಲ್ ಯಾವ ಗೆರೆಯ ಸುತ್ತ ಚಕ್ರವನ್ನು ತಿರುಗಿಸುತ್ತದೋ ಆ ಗೆರೆಯಿಂದಲೂ ಚಕ್ರ ದೂರವಾಗುವುದರಿಂದ ಹ್ಯಾಂಡಲ್ ಭಾರವಾಗುತ್ತದೆ, ಕಲ್ಲು ತಗುಲಿದಾಗ ಕೈಗೆ ಒದೆಯುತ್ತದೆ. ಮೇಸ್ತ್ರಿ ಮೊದಲ ವಾರದಲ್ಲಿ ಹೇಳಿದ್ದು ಇದೇ.  

ನಟ್‌ಗಳ ವಿಷಯ ಇನ್ನೂ ಮುಖ್ಯ. ಎಟಿವಿ ರಿಮ್‌ಗಳು ಹೆಚ್ಚಾಗಿ ನಡುವಿನ ದೊಡ್ಡ ತೂತಿನ ಮೇಲೆ ನಿಲ್ಲುವುದಿಲ್ಲ, ನಾಲ್ಕು ನಟ್‌ಗಳೇ ಅವನ್ನು ನಡುವಿಗೆ ತಂದು ಹಿಡಿಯುತ್ತವೆ. ಅದಕ್ಕಾಗಿ ನಟ್‌ನ ಬುಡದ ಇಳಿಜಾರು ಮತ್ತು ರಿಮ್‌ನ ತೂತಿನ ಇಳಿಜಾರು ಒಂದಕ್ಕೊಂದು ಹೊಂದಬೇಕು. ಕಬ್ಬಿಣದ ತೆಳು ರಿಮ್‌ಗೆ ಬಂದ ನಟ್ ದಪ್ಪ ಅಲಾಯ್ ರಿಮ್‌ಗೆ ಹೊಂದುತ್ತದೆ ಎನ್ನುವ ಹಾಗಿಲ್ಲ. ನಮ್ಮ ಗಾಡಿಗೆ ಹಳೆಯ ನಟ್‌ಗಳನ್ನೇ ಬಿಗಿದು ಕಳಿಸಿದ್ದರು. ಬಿಗಿಯಾಗಿದೆ ಅನ್ನಿಸುತ್ತದೆ, ಒಳಗೆ ಕೂತಿರುವುದಿಲ್ಲ. ಭಾರ ಬಿದ್ದಾಗಲೆಲ್ಲ ಕೂದಲೆಳೆಯಷ್ಟು ಅಲ್ಲಾಡಿ ಅಲ್ಲಾಡಿ ತೂತು ಮೊಟ್ಟೆಯಾಗುತ್ತದೆ. ಹೊಸ ರಿಮ್ ಹಾಕಿಸಿದ ದಿನ ಸಂಜೆ ಒಮ್ಮೆ, ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ, ಎದುರುಬದುರು ನಟ್‌ಗಳನ್ನು ಸರದಿಯಂತೆ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಅದಕ್ಕೆ ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕು. ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುವುದು ಬಿಗಿಯುವ ರೀತಿಯಲ್ಲ. ಅಂಗಡಿಯಲ್ಲಿ ಈ ಮಾತು ಒಬ್ಬರೂ ಹೇಳಲಿಲ್ಲ.

ನಾಲ್ಕು ತೂತು ಎಂದರೂ ಸಾಲದು. ನಾಲ್ಕು ತೂತಿನ ಗಾಡಿಗಳಲ್ಲೇ ಎದುರುಬದುರು ತೂತುಗಳ ನಡುವಿನ ಅಂತರ ಒಂದೊಂದು ತಯಾರಕರದ್ದು ಒಂದೊಂದು. ಹೋಂಡಾ, ಯಮಹಾ, ಸುಜುಕಿ ಗಾಡಿಗಳಲ್ಲಿ ಹೆಚ್ಚಾಗಿ 110 ಮಿ.ಮೀ., ಕ್ಯಾನ್-ಆಮ್‌ನಲ್ಲಿ 137, ಪೋಲಾರಿಸ್‌ನಲ್ಲಿ 156. ತೂತಿನ ನಡುವಿನಿಂದ ಎದುರಿನ ತೂತಿನ ನಡುವಿಗೆ ಅಳೆದರೆ ಮನೆಯಲ್ಲೇ ಗೊತ್ತಾಗುತ್ತದೆ. 4/110 ಎಂದು ಬರೆಯುವುದು ಇದನ್ನೇ.

ಅಗಲ ಚಕ್ರ ಯಾವಾಗಲೂ ಕೆಟ್ಟದ್ದು ಎಂಬ ವಾದ ನನ್ನದಲ್ಲ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರೆ ಗಾಡಿ ಮಗುಚುವುದು ಕಷ್ಟ, ಅದು ನಿಜ. ಬಯಲಿನಲ್ಲಿ ವೇಗವಾಗಿ ತಿರುಗಿಸುವವರಿಗೆ 2+5 ಬೇಕಾಗಬಹುದು. ನಮ್ಮ ತೋಟದ ಕೆಲಸ ಬೇರೆ. ಭಾರ ಹೇರಿಕೊಂಡು, ನಿಧಾನವಾಗಿ, ಕಲ್ಲು ಬೇರುಗಳ ಮೇಲೆ, ಮಳೆಗಾಲದಲ್ಲಿ ಜಾರುವ ಕೆಮ್ಮಣ್ಣಿನಲ್ಲಿ ಓಡಬೇಕು. ಅರೇಬಿಕಾ ನಮ್ಮಲ್ಲಿ ಆರಡಿಗೆ ಆರಡಿ ನೆಟ್ಟಿದ್ದು. ಗಿಡಗಳ ನಡುವೆ ಗಾಡಿಗೆ ಜಾಗವೇ ಇಲ್ಲ, ಧರೆಯ ಪಕ್ಕದ ಕಾಲುದಾರಿಯೇ ಗತಿ. ಹೊಸ ರಿಮ್ ಹಾಕಿದ ಮೇಲೆ ರಿಮ್‌ನ ಹೊರ ಅಂಚು ಎರಡಿಂಚಿನಿಂದ ಐದಿಂಚಿಗೆ, ಅಂದರೆ ಒಂದೊಂದು ಕಡೆಗೂ ಮೂರಿಂಚು ಆಚೆ ಹೋಗಿ, ಗಾಡಿಯ ಹೊರ ಅಗಲ ಒಟ್ಟು ಸುಮಾರು ಆರಿಂಚು ಹೆಚ್ಚಿತ್ತು. ಆ ಕೊಯ್ಲಿನಲ್ಲಿ ದಾರಿಯ ಪಕ್ಕದ ಗಿಡಗಳ ಕೆಳಗಿನ ಅಡ್ಡರೆಂಬೆಗಳು ಹಣ್ಣಿನ ಸಮೇತ ಮುರಿದುಬಿದ್ದದ್ದನ್ನು ಆಳುಗಳು ಆರಿಸಿ ತಂದರು. ಬಲಗಡೆ ಮಳೆನೀರು ಇಂಗಿಸಲು ತೋಡಿದ ತೊಟ್ಟಿಲು ಗುಂಡಿಗಳ ಅಂಚು ಕುಸಿದದ್ದೂ ಅದೇ ಆರಿಂಚಿಗೆ. ಹಬ್ಬಿಗೂ ರಿಮ್‌ಗೂ ನಡುವೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಹಾಕಿದರೂ ಫಲ ಇದೇ, ಜೊತೆಗೆ ಸಡಿಲವಾಗಲು ಇನ್ನೊಂದು ಜೋಡಣೆ ಸೇರಿಕೊಳ್ಳುತ್ತದೆ.

ಈಗ ಮುಂದೆ ಕಬ್ಬಿಣದ ಏಳಿಂಚಿನ ರಿಮ್, 4+3, ಅದಕ್ಕೆಂದೇ ಮಾಡಿದ ನಟ್‌ಗಳೊಂದಿಗೆ ಹಾಕಿಸಿದ್ದೇನೆ. ಒಳಗಿನ ನಾಲ್ಕಿಂಚು ಮೊದಲಿದ್ದಷ್ಟೇ. ಚಕ್ರದ ನಡುಗೆರೆ ಅರ್ಧ ಇಂಚು ಮಾತ್ರ ಆಚೆ ಬಂದಿದೆ. ಬಿಗಿಯುವ ಮುಂಚೆ ಆ ಹಿರಿಯರು ಮುಂಭಾಗಕ್ಕೆ ಒಂದು ಮೂಟೆ ಭಾರ ಹೇರಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಟೈ ರಾಡ್‌ಗೋ ಬ್ರೇಕಿನ ಕ್ಯಾಲಿಪರ್‌ಗೋ ಮಡ್‌ಗಾರ್ಡ್‌ಗೋ ಎಲ್ಲಾದರೂ ತಗುಲುತ್ತದೆಯೇ ಎಂದು ಬೆರಳು ಆಡಿಸಿ ನೋಡಿದರು. ಒಳಕ್ಕೆ ತೀರಾ ಸರಿದ ರಿಮ್ ಹಾಕಿದರೆ ಅಲ್ಲಿ ಉಜ್ಜುತ್ತದೆ, ಆದ್ದರಿಂದ ಎರಡೂ ಕಡೆ ನೋಡಲೇಬೇಕು.

ಕಬ್ಬಿಣವೋ ಅಲಾಯೋ ಎಂದು ಅನೇಕರು ಕೇಳುತ್ತಾರೆ. ಅಲಾಯ್ ಹಗುರ, ನೋಡಲೂ ಚೆಂದ. ಎರಕದ ಅಲಾಯ್ ಕಲ್ಲಿಗೆ ಜೋರಾಗಿ ಬಡಿದರೆ ಸೀಳಬಹುದು, ಕಬ್ಬಿಣ ನೆಗ್ಗುತ್ತದೆ, ನೆಗ್ಗಿದ್ದನ್ನು ಒಂದೆರಡು ಸಲ ಬಡಿದು ಸರಿಮಾಡಿಕೊಳ್ಳಬಹುದು. ನಮ್ಮಂಥ ಕಲ್ಲುದಾರಿಗೆ ನಾನು ಕಬ್ಬಿಣವನ್ನೇ ಆರಿಸುತ್ತೇನೆ. ತುಕ್ಕಿನ ಭಯ ಉಂಟು. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಸಿಂಪಡಣೆಯ ಬೋರ್ಡೋ ದ್ರಾವಣ ಕಲಸಿದಾಗ ಚಾಕು ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಿದ್ದರೆ ಅಲಗಿನ ಮೇಲೆ ತಾಮ್ರ ಕೂತು ಕೆಂಪಗಾಗುತ್ತದೆ. ಮೈಲುತುತ್ತ ಚಾಕುವನ್ನು ತಿನ್ನುವ ಹಾಗೆಯೇ ರಿಮ್ಮನ್ನೂ ತಿನ್ನುತ್ತದೆ, ಅಲಾಯ್ ಆದರೂ ಬಿಡುವುದಿಲ್ಲ. ಔಷಧಿ ಹೊಡೆದ ದಿನ ಸಂಜೆ ಚಕ್ರಗಳಿಗೆ ನೀರು ಹಾಯಿಸಿ ತೊಳೆಯುವುದನ್ನು ನಮ್ಮಲ್ಲಿ ಈಗ ಕಡ್ಡಾಯ ಮಾಡಿದ್ದೇನೆ.

ಟೈರಿನ ವಿಷಯ ಬರೆದರೆ ಇನ್ನೊಂದು ಪತ್ರವಾದೀತು. ಎರಡು ಮಾತು ಮಾತ್ರ. 25x8-12 ಎಂದರೆ ಟೈರಿನ ಎತ್ತರ 25 ಇಂಚು, ಅಗಲ 8, ರಿಮ್ 12. ಎತ್ತರವನ್ನು 27ಕ್ಕೆ ಏರಿಸಿದರೆ ಚಕ್ರದ ಸುತ್ತಳತೆ ನೂರಕ್ಕೆ ಎಂಟರಷ್ಟು ಹೆಚ್ಚಿ, ಚಡಾವಿನಲ್ಲಿ ಎಳೆಯುವ ಶಕ್ತಿ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಬೆಲ್ಟಿನ ಗಾಡಿಯಾದರೆ ಬೆಲ್ಟ್ ಬಿಸಿಯಾಗುತ್ತದೆ. ಗಾಳಿ, ಹೆಚ್ಚಿನ ಎಟಿವಿಗಳಿಗೆ ಐದರಿಂದ ಏಳು ಪಿಎಸ್‌ಐ ಸಾಕು. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಲೆಕ್ಕದಲ್ಲಿ ಇಪ್ಪತ್ತೈದು ತುಂಬಿ ಕಳಿಸುತ್ತಾರೆ. ಆಗ ಟೈರು ಚೆಂಡಿನಂತೆ ಪುಟಿಯುತ್ತದೆ, ಕೆಸರಿನಲ್ಲಿ ಹಿಡಿತ ಇರುವುದಿಲ್ಲ. ಕಡಿಮೆ ಒತ್ತಡ ತೋರಿಸುವ ಗೇಜ್ ಒಂದನ್ನು ತೋಟದಲ್ಲೇ ಇಟ್ಟುಕೊಳ್ಳಿ.

ರಸ್ತೆಗೆ ಇಳಿಯುವ ಜೀಪು, ಪಿಕಪ್‌ಗಳಿಗೂ ನಮ್ಮ ಕಡೆಯ ಹುಡುಗರು ಇದೇ ರೀತಿ ರಿಮ್ ಬದಲಿಸುತ್ತಿದ್ದಾರೆ. ನೋಂದಣಿಯಾದ ವಾಹನವನ್ನು ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅಪಘಾತವಾದ ಮೇಲೆ ವಿಮೆಯವರ ಎದುರು ನಿಂತಾಗ ಇದು ನೆನಪಾದರೆ ಪ್ರಯೋಜನವಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ರಿಮ್ ಮಾರುವವರು ಬಿಲ್ಲಿನಲ್ಲಿ ‘ರಿಮ್ 2’ ಎಂದು ಗೀಚುವ ಬದಲು ತೂತಿನ ಅಂತರ, ಒಳಗೆ ಎಷ್ಟು ಹೊರಗೆ ಎಷ್ಟು ಎಂಬ ಅಂಕಿ, ಎಷ್ಟು ಕಿಲೊ ಭಾರ ತಡೆಯುತ್ತದೆ ಎಂಬುದು, ಯಾವ ನಟ್ ಎಂಬುದು, ಇಷ್ಟನ್ನು ಬರೆದುಕೊಡಲಿ. ನಮ್ಮ ಮಗುವಿಗೆ ಔಷಧಿ ಕೊಡುವಾಗ ಅಂಗಡಿಯವರು ಚೀಟಿ ನೋಡುತ್ತಾರೆ, ಗಾಡಿಗೆ ಚಕ್ರ ಹಾಕುವಾಗ ಹಳೆಯ ಚಕ್ರ ಅಳೆದು ನೋಡಲಿ. ಬೆಳೆಗಾರರ ಸಂಘಗಳು ಔಷಧಿ ಸಿಂಪಡಣೆಯ ಪ್ರಾತ್ಯಕ್ಷಿಕೆ ಇಡುವಾಗ ಅರ್ಧ ಗಂಟೆ ಇದಕ್ಕೂ ಕೊಡಲಿ, ಅಳೆಯುವುದನ್ನು ತೋರಿಸಲು ಒಂದು ಪಟ್ಟಿ, ಒಂದು ಟೇಪು ಸಾಕು. ಓಡಿಸುವವರನ್ನು ಕರೆಯುವುದು ಮರೆಯಬಾರದು, ಹ್ಯಾಂಡಲ್ ಭಾರ ಆಗಿದೆ ಎಂದು ಮೊದಲು ಗೊತ್ತಾಗುವುದು ಅವರ ರಟ್ಟೆಗೆ. ನಿಮ್ಮ ಕೃಷಿ ಪುಟದಲ್ಲಿ ಗೊಬ್ಬರ, ಕೀಟಬಾಧೆಗಳ ಜೊತೆಗೆ ತೋಟದ ಗಾಡಿಗಳ ಬಗ್ಗೆಯೂ ತಿಂಗಳಿಗೊಂದು ಬರಹವನ್ನು ಬಲ್ಲವರಿಂದ ಬರೆಸಿ ಎಂದು ಕೇಳಿಕೊಳ್ಳುತ್ತೇನೆ. ಇಂಗ್ಲಿಷಿನ ಪುಸ್ತಕ ಗಾಡಿಯ ಜೊತೆ ಬರುತ್ತದೆ, ಅದನ್ನು ಓದಿ ಹೇಳುವವರು ತೋಟದಲ್ಲಿ ಇರುವುದಿಲ್ಲ.

ಮೇಸ್ತ್ರಿಯ ಕೈ ಕೂಡಿದೆ, ಮತ್ತೆ ಗಾಡಿ ಹತ್ತಿದ್ದಾರೆ. ಧರೆಯ ತಿರುವು ಬಂದಾಗ ಮಾತ್ರ ಈಗಲೂ ಒಮ್ಮೆ ನಿಲ್ಲಿಸಿ, ಬಗ್ಗಿ ಎಡಚಕ್ರದ ನಟ್‌ಗಳನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಆ ಕಪ್ಪು ರಿಮ್‌ಗಳಲ್ಲಿ ತೂತು ಕೆಡದೆ ಉಳಿದ ಒಂದನ್ನು ಅರ್ಧ ಬೆಲೆಗೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಯವರು ಎರಡು ಸಲ ಫೋನು ಮಾಡಿದರು. ಕೊಡಲಿಲ್ಲ. ಅದು ನಾಳೆ ಇನ್ನೊಬ್ಬರ ಗಾಡಿಗೆ ಅಳತೆ ನೋಡದೆ ಹೋಗುತ್ತದೆ. ಎರಡಕ್ಕೂ ಬಿಳಿ ಬಣ್ಣದಲ್ಲಿ ‘2+5, 4/110’ ಎಂದು ದಪ್ಪಗೆ ಬರೆದು ಕಣದ ಶೆಡ್ಡಿನ ಗೋಡೆಗೆ ನೇತುಹಾಕಿದ್ದೇನೆ.

— ಒಬ್ಬ ಕಾಫಿ ಬೆಳೆಗಾರ್ತಿ
ಅರೇಹಳ್ಳಿ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ